ಹ್ಯಾಲಿಫ್ಯಾಕ್ಸ್: ನಡುತರದ ನಗರವೊಂದರ ಬಾಳುವೆ

ಹೊರದೇಶದ ನಗರಗಳನ್ನು ಕುರಿತು ಮಾತನಾಡಹೊರಟವರು ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳಂಥ ಮಹಾನಗರಗಳನ್ನೇ ಆರಿಸಿಕೊಳ್ಳುವುದು ವಾಡಿಕೆ. ಅವುಗಳ ವೈಭವವು ಮಾತಿಗೆ ಸುಲಭವಾಗಿ ಒದಗುತ್ತದೆ. ಆದರೆ ನಗರವಾಸವೆಂದರೇನು, ಜನರು ಒಂದೆಡೆ ಸೇರಿ ಬಾಳುವುದರಿಂದ ಅವರಿಗೆ ದೊರೆಯುವ ಸುಖವೇನು, ತೆರಬೇಕಾದ ಬೆಲೆಯೇನು ಎಂಬುದನ್ನು ತಿಳಿಯಬೇಕಾದರೆ ಅಷ್ಟು ದೊಡ್ಡದೂ ಅಲ್ಲದ, ಅಷ್ಟು ಚಿಕ್ಕದೂ ಅಲ್ಲದ ನಗರವೊಂದನ್ನು ನೋಡುವುದು ಲೇಸು. ಅಂಥ ನಗರದಲ್ಲಿ ಆಳುವವರ ಮುಖ ಜನರಿಗೆ ಪರಿಚಿತವಾಗಿರುತ್ತದೆ. ಮಾಡಿದ ಒಳಿತೂ ಎಸಗಿದ ಕೆಡುಕೂ ಬೇಗ ಮರೆಯಾಗುವುದಿಲ್ಲ. ಆದುದರಿಂದ ಈ ಸಂಜೆಯ ಭಾಷಣಕ್ಕೆ ಕೆನಡಾ ದೇಶದ ಪೂರ್ವದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಮಗ್ಗುಲಿನಲ್ಲಿರುವ ಹ್ಯಾಲಿಫ್ಯಾಕ್ಸ್ ಎಂಬ ನಗರವನ್ನು ನಾವು ಆರಿಸಿಕೊಂಡಿದ್ದೇವೆ.

ಹ್ಯಾಲಿಫ್ಯಾಕ್ಸ್ ನಗರವು ನೋವಾ ಸ್ಕೋಷಿಯ ಎಂಬ ಪ್ರಾಂತದ ರಾಜಧಾನಿ. 1996ರಲ್ಲಿ ಹಳೆಯ ಹ್ಯಾಲಿಫ್ಯಾಕ್ಸ್, ಎದುರುದಡದ ಡಾರ್ಟ್‌ಮತ್, ಒಳಗಡಲ ದಡದ ಬೆಡ್‌ಫರ್ಡ್ ಮತ್ತು ಸುತ್ತಣ ಗ್ರಾಮಪ್ರದೇಶಗಳೆಲ್ಲವೂ ಒಂದೇ ಪೌರಾಡಳಿತದ ಕೆಳಗೆ ಬಂದುವು. ಹೀಗಾಗಿ ಇಂದಿನ ನಗರದ ಎಲ್ಲೆಯೊಳಗೆ ಸುಮಾರು 5,500 ಚದರ ಕಿಲೋಮೀಟರುಗಳ ನೆಲವಿದೆ. ಅದರಲ್ಲಿ ಬಹುಭಾಗ ಕಾಡು, ಕೆರೆ ಮತ್ತು ಮೀನುಗಾರರ ಹಳ್ಳಿಗಳು. 2021ರ ಜನಗಣತಿಯಂತೆ ಜನಸಂಖ್ಯೆ 4,39,819. ಹವೆಯನ್ನು ಹೊಗಳುವಂತಿಲ್ಲ. ಜನವರಿಯಲ್ಲಿ ಸರಾಸರಿ ಶಾಖವು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ವಸಂತವು ತಡವಾಗಿ ಬರುತ್ತದೆ. ಸಮುದ್ರದಿಂದೇರಿ ಬಂದ ಮಂಜು ಎಷ್ಟೋ ದಿನ ಬೀದಿಗಳನ್ನು ಮುಚ್ಚಿಬಿಡುತ್ತದೆ. ಆದರೆ ಪ್ರಕೃತಿಯು ಈ ಊರಿಗೆ ಒಂದು ದೊಡ್ಡ ವರವನ್ನು ಕೊಟ್ಟಿದೆ. ಚಳಿಗಾಲದಲ್ಲಿಯೂ ಹೆಪ್ಪುಗಟ್ಟದ, ಆಳವಾದ, ವಿಶಾಲವಾದ ಬಂದರೇ ಆ ವರ. ಆ ನೆಲದ ಮೂಲನಿವಾಸಿಗಳಾದ ಮಿಕ್‌ಮಾ ಜನರು ಅದನ್ನು ತಮ್ಮ ಭಾಷೆಯಲ್ಲಿ ‘ಹಿರಿಯ ರೇವು’ ಎಂದೇ ಕರೆಯುತ್ತಿದ್ದರು.

ಈ ದೂರದ ಊರಿಗೂ ನಮ್ಮ ನಾಡಿಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಸಂಬಂಧವುಂಟು, ಅದು ಆಶ್ಚರ್ಯಕರವಾದುದೂ ಹೌದು. 1749ರಲ್ಲಿ ಆಂಗ್ಲರ ವಲಸೆಗಾರರನ್ನು ಕರೆತಂದು ಹ್ಯಾಲಿಫ್ಯಾಕ್ಸ್ ಪಟ್ಟಣವನ್ನು ಸ್ಥಾಪಿಸಿದಾತನ ಹೆಸರು ಎಡ್ವರ್ಡ್ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಲಾರ್ಡ್ ಕಾರ್ನ್‌ವಾಲಿಸನಿಗೆ ಈತನು ಸ್ವಂತ ಚಿಕ್ಕಪ್ಪ. ಇದೇ ಹ್ಯಾಲಿಫ್ಯಾಕ್ಸಿನಲ್ಲಿ 1818ರಲ್ಲಿ ಒಂದು ವಿದ್ಯಾಪೀಠವನ್ನು ಸ್ಥಾಪಿಸಿ, ಅದಕ್ಕೆ ತನ್ನ ಹೆಸರನ್ನು ಬಿಟ್ಟುಹೋದವನು ಡಾಲ್‌ಹೌಸಿಯ ಅರ್ಲ್. ಸಂಸ್ಥಾನಗಳನ್ನು ಒಂದೊಂದಾಗಿ ಕಂಪನಿಯ ಆಳಿಕೆಗೆ ಸೇರಿಸಿಕೊಂಡ ಭಾರತದ ಗವರ್ನರ್ ಜನರಲ್ ಡಾಲ್‌ಹೌಸಿಯು ಆತನ ಮಗ. ಒಂದೇ ಮನೆತನದವರು ಒಂದೆಡೆ ಊರು ಕಟ್ಟಿದರು, ಇನ್ನೊಂದೆಡೆ ಕೋಟೆ ಕೆಡವಿದರು. ಕಟ್ಟಿದ ಎಡೆಯಲ್ಲಿಯೂ ಎಲ್ಲರಿಗೂ ಒಳಿತಾಯಿತೆಂದು ಹೇಳುವಂತಿಲ್ಲ. ಪಟ್ಟಣ ಸ್ಥಾಪನೆಯಾದ ವರ್ಷದಲ್ಲಿಯೇ ಎಡ್ವರ್ಡ್ ಕಾರ್ನ್‌ವಾಲಿಸನು, ಮಿಕ್‌ಮಾ ಜನರನ್ನು ಹಿಡಿದು ತಂದವರಿಗೂ ಕೊಂದು ಅವರ ನೆತ್ತಿಯ ಚರ್ಮವನ್ನು ತಂದವರಿಗೂ ಬಹುಮಾನ ಕೊಡುವುದಾಗಿ ಘೋಷಣೆ ಹೊರಡಿಸಿದನು. 1931ರಲ್ಲಿ ಊರವರು ಅವನಿಗೊಂದು ಪ್ರತಿಮೆಯನ್ನು ನಿಲ್ಲಿಸಿದರು. 2018ರ ಜನವರಿಯಲ್ಲಿ ನಗರಸಭೆಯೇ ತೀರ್ಮಾನಿಸಿ ಅದನ್ನು ಇಳಿಸಿತು. ತನ್ನ ಸ್ಥಾಪಕನ ವಿಚಾರದಲ್ಲಿಯೂ ಮರುವಿಚಾರಣೆ ನಡೆಸಬಲ್ಲ ಊರು ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳೋಣ.

ಈಗ ನಗರದೊಳಕ್ಕೆ ಹೋಗೋಣ. ಹೋಗಲು ಉತ್ತಮವಾದ ದಾರಿ ನೀರಿನದು. ಡಾರ್ಟ್‌ಮತ್ ದಡದಿಂದ ಹ್ಯಾಲಿಫ್ಯಾಕ್ಸ್ ದಡಕ್ಕೆ ಜನರನ್ನು ದಾಟಿಸುವ ಫೆರಿ ಹಡಗಿನ ಸೇವೆ 1752ರಲ್ಲಿ ಆರಂಭವಾಯಿತು. ಉತ್ತರ ಅಮೆರಿಕದಲ್ಲಿ ಉಪ್ಪುನೀರನ್ನು ದಾಟಿಸುವ ಫೆರಿಗಳಲ್ಲಿ ಇದೇ ಅತ್ಯಂತ ಹಳೆಯದು. ಮೊದಲು ಹುಟ್ಟು ಹಾಕಿ ನಡೆಸುವ ದೋಣಿ, ಆಮೇಲೆ ಕುದುರೆಗಳು ತಿರುಗಿಸುವ ಯಂತ್ರದ ದೋಣಿ, ಆಮೇಲೆ ಉಗಿಹಡಗು, ಇಂದು ತೈಲದಿಂದ ನಡೆಯುವ ಹಡಗು; ದಾಟುವ ನೀರು ಮಾತ್ರ ಅದೇ. 1955ರಲ್ಲಿಯೂ 1970ರಲ್ಲಿಯೂ ಬಂದರಿನ ಮೇಲೆ ಎರಡು ತೂಗುಸೇತುವೆಗಳಾದರೂ ಜನರು ಫೆರಿಯನ್ನು ಬಿಡಲಿಲ್ಲ. ಕಚೇರಿಗೆ ಹೊರಟ ಗುಮಾಸ್ತರು, ಆಸ್ಪತ್ರೆಗೆ ಹೊರಟ ದಾದಿಯರು, ವಿದ್ಯಾರ್ಥಿಗಳು, ಸೈಕಲನ್ನು ತಳ್ಳಿಕೊಂಡು ಬಂದ ತರುಣರು, ಎಲ್ಲರೂ ಹತ್ತು ಹನ್ನೆರಡು ನಿಮಿಷ ಕಡಲಗಾಳಿಯನ್ನು ಸವಿಯುತ್ತ ಒಂದೇ ಹಲಗೆಯ ಮೇಲೆ ಕುಳಿತು ದಾಟುತ್ತಾರೆ. ನಗರದ ಬಸ್ಸು, ಫೆರಿ ಎರಡನ್ನೂ ಒಂದೇ ಸಂಸ್ಥೆ ನಡೆಸುತ್ತದೆ; ಒಂದರ ಚೀಟಿ ಇನ್ನೊಂದಕ್ಕೂ ಸಲ್ಲುತ್ತದೆ.

ದಡ ಹತ್ತಿರವಾದಂತೆ ಎದುರಿಗೆ ಒಂದು ಗುಡ್ಡ ಕಾಣುತ್ತದೆ. ಅದರ ನೆತ್ತಿಯಲ್ಲಿ ನಕ್ಷತ್ರಾಕಾರದ ಕೋಟೆ. ಈಗಿರುವ ಕಟ್ಟಡವು 1856ರಲ್ಲಿ ಮುಗಿದುದು. ಈ ಕೋಟೆಯ ಮೇಲೆ ಒಂದು ಸಲವೂ ಶತ್ರುಗಳು ಏರಿ ಬರಲಿಲ್ಲ. ಆದರೂ ಮಧ್ಯಾಹ್ನ ಹನ್ನೆರಡು ಗಂಟೆಗೆ ಸರಿಯಾಗಿ ಅಲ್ಲಿ ತೋಪು ಹಾರಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ. ಶತ್ರುವಿಲ್ಲದ ತೋಪು ಊರಿಗೆ ಊಟದ ಹೊತ್ತನ್ನು ತಿಳಿಸುತ್ತದೆ. ತೋಪಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ದೊರೆತೀತೆಂದು ನಮಗೆ ತೋರುವುದಿಲ್ಲ. ಗುಡ್ಡದ ಕೆಳಮಗ್ಗುಲಲ್ಲಿ 1803ರಿಂದ ಕಾಲವನ್ನು ಸಾರುತ್ತಿರುವ ಗಡಿಯಾರದ ಗೋಪುರವಿದೆ. ಅಲ್ಲಿಂದ ಬಂದರಿನವರೆಗೆ ಬೀದಿಗಳು ಕಡಿದಾಗಿ ಇಳಿಯುತ್ತವೆ. ಪೇಟೆ, ಕಚೇರಿ, ವಿದ್ಯಾಪೀಠ, ಆಸ್ಪತ್ರೆ, ಉದ್ಯಾನ ಇವೆಲ್ಲವೂ ಹಳೆಯ ನಗರದಲ್ಲಿ ಕಾಲ್ನಡಿಗೆಯ ದೂರದಲ್ಲಿಯೇ ಇವೆ.

ನಗರದ ಬಾಳುವೆಯ ಗುಣವನ್ನು ಅಳೆಯುವಾಗ ಅಲ್ಲಿಯ ಜನರ ವರಮಾನವೆಷ್ಟೆಂದು ಕೇಳುವುದು ಸಹಜ. ಆದರೆ ಅದಕ್ಕಿಂತಲೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಕಾಸಿಲ್ಲದವನೂ ಇದು ನನ್ನದು ಎಂದು ಹೇಳಬಹುದಾದುದು ಆ ಊರಿನಲ್ಲಿ ಏನಿದೆ? ಈ ಪ್ರಶ್ನೆಗೆ ಹ್ಯಾಲಿಫ್ಯಾಕ್ಸ್ ಕೊಡುವ ಉತ್ತರಗಳಲ್ಲಿ ಮೂರನ್ನು ಹೇಳುತ್ತೇವೆ.

ಮೊದಲನೆಯದು ನಗರದ ದಕ್ಷಿಣ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಪಾಯಿಂಟ್ ಪ್ಲೆಸೆಂಟ್ ಎಂಬ ವನ. ಸುಮಾರು 75 ಹೆಕ್ಟೇರುಗಳ ಈ ನೆಲ ಸೈನ್ಯಕ್ಕೆ ಸೇರಿದ್ದುದು. 1866ರಲ್ಲಿ ಆಂಗ್ಲ ಸರ್ಕಾರವು ಇದನ್ನು ವರ್ಷಕ್ಕೆ ಒಂದು ಷಿಲ್ಲಿಂಗಿನ ಗೇಣಿಗೆ 999 ವರ್ಷಗಳ ಕಾಲ ಜನರ ವಿಹಾರಕ್ಕೆಂದು ಬಿಟ್ಟುಕೊಟ್ಟಿತು. ಆ ಒಂದು ಷಿಲ್ಲಿಂಗನ್ನು ಸಲ್ಲಿಸುವುದೇ ಒಂದು ಉತ್ಸವ. 2003ರ ಸೆಪ್ಟೆಂಬರಿನಲ್ಲಿ ಹುವಾನ್ ಎಂಬ ಚಂಡಮಾರುತ ಬಡಿದು ಒಂದೇ ರಾತ್ರಿಯಲ್ಲಿ ಈ ವನದ ಮುಕ್ಕಾಲುಪಾಲಿನಷ್ಟು ಮರಗಳನ್ನು ಉರುಳಿಸಿತು. ಜನರು ತಿಂಗಳುಗಟ್ಟಲೆ ಹೊರಗೆ ನಿಂತು ಕಾದರು, ಸಸಿಗಳನ್ನು ನೆಟ್ಟರು, ವನ ಮತ್ತೆ ಬೆಳೆಯುತ್ತಿದೆ. ಎರಡನೆಯದು ಊರ ನಡುವಣ ಸಾರ್ವಜನಿಕ ಉದ್ಯಾನ. ವಿಕ್ಟೋರಿಯಾ ರಾಣಿಯ ಕಾಲದ ಮಡಿಗಳು, ಕೊಳ, ವಾದ್ಯಮಂಟಪ ಇವುಗಳೊಡನೆ 16 ಎಕರೆಗಳ ಈ ತೋಟವು ಚಳಿಗಾಲದಲ್ಲಿ ಬಾಗಿಲು ಮುಚ್ಚಿ, ಚಿಗುರಿನ ಕಾಲದಲ್ಲಿ ತೆರೆಯುತ್ತದೆ. ಪ್ರವೇಶಕ್ಕೆ ಶುಲ್ಕವಿಲ್ಲ.

ಮೂರನೆಯದು 2014ರ ಡಿಸೆಂಬರಿನಲ್ಲಿ ತೆರೆದ ಕೇಂದ್ರ ಪುಸ್ತಕಭಂಡಾರ. ಕಾರುಗಳನ್ನು ನಿಲ್ಲಿಸುತ್ತಿದ್ದ ಬಯಲಿನ ಮೇಲೆ, ಗಾಜಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಓರೆಯಾಗಿ ಪೇರಿಸಿದಂತೆ ಇದನ್ನು ಕಟ್ಟಿದ್ದಾರೆ. ಕಟ್ಟುವ ಮುನ್ನ ಊರಿನವರನ್ನು ಕರೆದು, ನಿಮಗೆ ಏನು ಬೇಕು ಎಂದು ಹಲವು ಸಭೆಗಳಲ್ಲಿ ಕೇಳಿದರು. ಮೇಲಂತಸ್ತಿಗೆ ‘ಹ್ಯಾಲಿಫ್ಯಾಕ್ಸಿನ ಪಡಸಾಲೆ’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಅಲ್ಲಿ ಕುಳಿತರೆ ಬಂದರು ಕಾಣುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಬೆಚ್ಚಗೆ ಕೂರಲು ಅಲ್ಲಿ ಏನನ್ನೂ ಕೊಳ್ಳಬೇಕಾಗಿಲ್ಲ. ಪುಸ್ತಕ ಓದುವವರ ಪಕ್ಕದಲ್ಲಿಯೇ ಹೊಸದಾಗಿ ಬಂದ ವಲಸೆಗಾರರು ಇಂಗ್ಲಿಷು ಕಲಿಯುತ್ತಾರೆ, ಮಕ್ಕಳು ಆಡುತ್ತಾರೆ, ಮನೆಯಿಲ್ಲದವನೊಬ್ಬನು ಪತ್ರಿಕೆಯನ್ನು ಹಿಡಿದು ದಣಿವಾರಿಸಿಕೊಳ್ಳುತ್ತಾನೆ. ಪಡಸಾಲೆಯೆಂಬ ಮಾತು ಇಲ್ಲಿ ಅಲಂಕಾರವಲ್ಲ.

ಇವೆಲ್ಲ ತಾವಾಗಿ ಬಂದ ಭಾಗ್ಯಗಳೆಂದು ಭಾವಿಸಬಾರದು. ಕೇಳಿ ಪಡೆಯಬೇಕಾಯಿತು; ಕಟ್ಟಬೇಕಾಯಿತು. ನಗರದ ಆಡಳಿತವನ್ನು ಪ್ರಶ್ನಿಸುವ ಹಕ್ಕೇ ಇಲ್ಲಿ ನ್ಯಾಯಸ್ಥಾನದಲ್ಲಿ ಗೆದ್ದು ಬಂದುದು. 1835ರಲ್ಲಿ ಊರಿನ ಆಡಳಿತ ನಡೆಸುತ್ತಿದ್ದ ಮ್ಯಾಜಿಸ್ಟ್ರೇಟರು ಬಡವರ ಹಣವನ್ನು ನುಂಗುತ್ತಿದ್ದಾರೆಂಬ ಪತ್ರವೊಂದನ್ನು ಅಚ್ಚುಹಾಕಿದುದಕ್ಕಾಗಿ ಜೋಸೆಫ್ ಹೋ ಎಂಬ ಪತ್ರಿಕಾಕರ್ತನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ವಕೀಲರು ಯಾರೂ ಧೈರ್ಯ ಕೊಡದಿರಲು ಆತನು ತಾನೇ ನಿಂತು ಆರು ಗಂಟೆಗಳಿಗೂ ಮೀರಿ ವಾದಿಸಿದನು. ಪಂಚರು ಹತ್ತು ನಿಮಿಷಗಳಲ್ಲಿ ಅವನನ್ನು ನಿರ್ದೋಷಿಯೆಂದು ಸಾರಿದರು. 1848ರಲ್ಲಿ ನೋವಾ ಸ್ಕೋಷಿಯವು ಬ್ರಿಟಿಷ್ ವಸಾಹತುಗಳಲ್ಲೆಲ್ಲ ಮೊಟ್ಟಮೊದಲು ಜವಾಬ್ದಾರಿ ಸರ್ಕಾರವನ್ನು ಪಡೆಯಿತು. ಆ ಹೋರಾಟದ ಮುಂದಾಳೂ ಈತನೇ. ಇಷ್ಟೆಲ್ಲ ಆದರೂ ಕೆಲವು ಮೂಲಭೂತ ಕೆಲಸಗಳು ಬಹಳ ತಡವಾದುವು. ಎರಡೂವರೆ ಶತಮಾನಗಳ ಕಾಲ ಈ ಊರು ತನ್ನ ಕೊಳಚೆಯನ್ನೆಲ್ಲ ಶುದ್ಧಿಮಾಡದೆ ತನ್ನ ಹೆಮ್ಮೆಯ ಬಂದರಿಗೇ ಹರಿಯಬಿಡುತ್ತಿತ್ತು. 2008ರಲ್ಲಿ ಶುದ್ಧೀಕರಣದ ಸ್ಥಾವರ ನಡೆಯತೊಡಗಿದಾಗ ಮೇಯರರೇ ಬಂದರಿನ ನೀರಿಗಿಳಿದು ಈಜಿ ತೋರಿಸಿದರು. ಮರುವರ್ಷದ ಜನವರಿಯಲ್ಲಿಯೇ ಸ್ಥಾವರಕ್ಕೆ ನೀರು ನುಗ್ಗಿ ಅದು ಕೆಟ್ಟು ನಿಂತಿತು. ಸರಿಪಡಿಸಲು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಊರಿನ ಸೊಗಸು ಒಳಚರಂಡಿಯ ಮೇಲೆ ನಿಂತಿದೆಯೆಂಬುದು ಕೇಳಲು ಇಂಪಾದ ಮಾತಲ್ಲ, ಆದರೆ ಸತ್ಯ.

ಈ ನಗರದ ಚರಿತ್ರೆಯಲ್ಲಿ ಎರಡು ಘಟನೆಗಳಿವೆ. ಇವೆರಡನ್ನೂ ಒಟ್ಟಿಗೆ ನೋಡಿದಲ್ಲದೆ ಹ್ಯಾಲಿಫ್ಯಾಕ್ಸ್ ನಮಗೆ ಅರ್ಥವಾಗುವುದಿಲ್ಲ.

ಮೊದಲನೆಯದು 1917ರ ಡಿಸೆಂಬರ್ 6ರ ಬೆಳಗ್ಗೆ ನಡೆಯಿತು. ಮೊದಲನೆಯ ಮಹಾಯುದ್ಧದ ಕಾಲ. ಬಂದರು ಹಡಗುಗಳಿಂದ ಕಿಕ್ಕಿರಿದಿತ್ತು. ಬಂದರಿನ ಇಕ್ಕಟ್ಟಾದ ಭಾಗದಲ್ಲಿ ಮೋಂಬ್ಲಾನ್ ಎಂಬ ಫ್ರೆಂಚ್ ಹಡಗಿಗೂ ಇಮೋ ಎಂಬ ನಾರ್ವೆಯ ಹಡಗಿಗೂ ಡಿಕ್ಕಿಯಾಯಿತು. ಮೋಂಬ್ಲಾನಿನ ತುಂಬ ಸಿಡಿಮದ್ದು. ಹಡಗಿಗೆ ಬೆಂಕಿ ಹತ್ತಿ, ಅದು ತೇಲುತ್ತ ದಡಕ್ಕೆ ಬಂದಿತು. ಒಳಗೇನಿದೆಯೆಂದರಿಯದ ಜನರು ಕಿಟಕಿಗಳ ಬಳಿ ನಿಂತು ಆ ಉರಿಯನ್ನು ನೋಡುತ್ತಿದ್ದರು. ಒಂಬತ್ತು ಗಂಟೆ ದಾಟಿ ನಾಲ್ಕೈದು ನಿಮಿಷಗಳಾಗಿರಬೇಕು, ಹಡಗು ಸಿಡಿಯಿತು. ಅಲ್ಲಿಯವರೆಗೆ ಮನುಷ್ಯನ ಕೈಯಿಂದಾದ ಸ್ಫೋಟಗಳಲ್ಲಿ ಅಷ್ಟು ಭಯಂಕರವಾದುದು ಮತ್ತೊಂದಿರಲಿಲ್ಲ. ಸುಮಾರು 2,000 ಮಂದಿ ಸತ್ತರು. 9,000 ಮಂದಿ ಗಾಯಗೊಂಡರು. ನಗರದ ಉತ್ತರಭಾಗ ನೆಲಸಮವಾಯಿತು. ಒಡೆದ ಕಿಟಕಿಯ ಗಾಜು ನಾಟಿ ನೂರಾರು ಜನರ ಕಣ್ಣು ಹೋಯಿತು. ಮರುದಿನ ದೊಡ್ಡ ಹಿಮಪಾತ ಬೇರೆ.

ರೈಲ್ವೆಯಲ್ಲಿ ಗಾಡಿಗಳ ಓಡಾಟವನ್ನು ನಿಯಂತ್ರಿಸುತ್ತಿದ್ದ ವಿನ್ಸೆಂಟ್ ಕೋಲ್‌ಮನ್ ಎಂಬಾತನು ಹಡಗಿನಲ್ಲಿರುವುದು ಸಿಡಿಮದ್ದೆಂಬ ಸುದ್ದಿ ತಿಳಿದು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಅವನು ತಂತಿಯ ಬಳಿಯೇ ನಿಂತು, ಬರುವ ಗಾಡಿಗಳನ್ನು ತಡೆಯಿರೆಂದು ಮುಂದಣ ನಿಲ್ದಾಣಗಳಿಗೆ ವರ್ತಮಾನ ಕಳುಹಿಸಿದನು. ಇದೇ ನನ್ನ ಕಡೆಯ ವರ್ತಮಾನವಾಗಬಹುದೆಂದೂ ತಿಳಿಸಿದನು. ಹಾಗೆಯೇ ಆಯಿತು. ದೂರದ ಜನರಿಗೆ ಮಾತನ್ನು ಮುಟ್ಟಿಸುವ ಕೆಲಸದಲ್ಲಿ ತೊಡಗಿರುವ ನಮ್ಮಂಥವರಿಗೆ ಈ ತಂತಿಯಾಳಿನ ನೆನಪು ವಿಶೇಷವಾದುದು.

ಸಂಕಟದಲ್ಲಿ ನೆರವು ಹರಿದು ಬಂದಿತು. ಅಮೆರಿಕದ ಬಾಸ್ಟನ್ ನಗರದಿಂದ ಅದೇ ರಾತ್ರಿ ವೈದ್ಯರೂ ದಾದಿಯರೂ ತುಂಬಿದ ರೈಲು ಹೊರಟು, ಹಿಮವನ್ನು ಸೀಳಿಕೊಂಡು ಬಂದಿತು. ಆ ಉಪಕಾರದ ನೆನಪಿಗಾಗಿ ನೋವಾ ಸ್ಕೋಷಿಯದವರು 1971ರಿಂದ ಪ್ರತಿವರ್ಷವೂ ಕ್ರಿಸ್‌ಮಸ್ಸಿಗೆ ಒಂದು ದೊಡ್ಡ ಮರವನ್ನು ಬಾಸ್ಟನ್ನಿಗೆ ಕಳುಹಿಸುತ್ತಿದ್ದಾರೆ. 1918ರಲ್ಲಿ ಪರಿಹಾರ ಮಂಡಲಿಯೊಂದು ಏರ್ಪಟ್ಟಿತು. ಆ ಮಂಡಲಿ ಸುಟ್ಟ ನೆಲದ ಮೇಲೆ ಹೊಸದೊಂದು ಬಡಾವಣೆಯನ್ನು ಕಟ್ಟಿಸಿತು. ನಗರಯೋಜನೆಯಲ್ಲಿ ನಿಪುಣನಾದ ಥಾಮಸ್ ಆಡಮ್ಸನು ಅದರ ನಕ್ಷೆ ಹಾಕಿದನು. ಬೆಂಕಿ ಹತ್ತದ ಕಾಂಕ್ರೀಟಿನ ಇಟ್ಟಿಗೆಗಳಿಂದ ಕಟ್ಟಿದುದರಿಂದ ಆ ಇಟ್ಟಿಗೆಯ ಹೆಸರೇ ಬಡಾವಣೆಗೆ ನಿಂತು, ‘ಹೈಡ್ರೋಸ್ಟೋನ್’ ಎನಿಸಿಕೊಂಡಿತು. 1920ರ ಹೊತ್ತಿಗೆ 300ಕ್ಕೂ ಮಿಕ್ಕ ಮನೆಗಳು ಸಿದ್ಧವಾದುವು. ಮನೆಸಾಲುಗಳ ಮುಂದೆ ಹಸಿರು ಹುಲ್ಲಿನ ಅಗಲವಾದ ಪಟ್ಟೆ, ಸಾಲುಮರ. ಹಿಂದೆ ಸಾಮಾನು ಸಾಗಿಸಲು ಓಣಿ. ಒಳಗೆ ನಲ್ಲಿ ನೀರು, ವಿದ್ಯುದ್ದೀಪ, ಸ್ನಾನದ ಕೋಣೆ. ಕೂಲಿಕಾರರ ಕುಟುಂಬಗಳಿಗೆಂದು ಕಟ್ಟಿದ ಈ ಮನೆಗಳು ನೂರು ವರ್ಷಗಳಾದರೂ ಗಟ್ಟಿಯಾಗಿ ನಿಂತು ನಗರದ ಅತ್ಯಂತ ಚೆಲುವಾದ ಬೀದಿಗಳೆನಿಸಿಕೊಂಡಿವೆ. ವಿಪತ್ತಿನಿಂದ ಊರೊಂದು ಹೇಗೆ ಮೇಲೇಳಬೇಕೆಂಬುದಕ್ಕೆ ಇದು ನಿದರ್ಶನ.

ಆದರೆ ಆ ಪುನರ್ನಿರ್ಮಾಣದ ಭಾಗ್ಯ ಎಲ್ಲರ ಪಾಲಿಗೂ ಬರಲಿಲ್ಲ. ಡಾರ್ಟ್‌ಮತ್ ದಡದಲ್ಲಿದ್ದ ಮಿಕ್‌ಮಾ ಜನರ ಹಾಡಿಯೊಂದು ಸ್ಫೋಟದಲ್ಲಿ ನಾಶವಾಯಿತು. ಅದನ್ನು ಯಾರೂ ಮತ್ತೆ ಕಟ್ಟಲಿಲ್ಲ. ನಗರದ ಉತ್ತರದ ಕೊನೆಯಲ್ಲಿ, ಒಳಗಡಲ ದಡದಲ್ಲಿ, ಆಫ್ರಿಕ್‌ವಿಲ್ ಎಂಬ ಕೇರಿಯಿತ್ತು. ಅಲ್ಲಿಗೂ ಹೊಸ ಮನೆಗಳು ಬರಲಿಲ್ಲ. ನಾವು ಹೇಳಬೇಕಾದ ಎರಡನೆಯ ಘಟನೆ ಈ ಕೇರಿಯದು.

ಆಫ್ರಿಕ್‌ವಿಲ್ಲಿನವರು ಕರಿಯ ಜನಾಂಗದವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವರ ಹಿರಿಯರು ಹಣ ಕೊಟ್ಟು ನೆಲವನ್ನು ಕೊಂಡು, 1849ರಲ್ಲಿ ಒಂದು ಚರ್ಚನ್ನು ಸ್ಥಾಪಿಸಿಕೊಂಡು ಅಲ್ಲಿ ನೆಲಸಿದರು. ಅವರು ನಗರಕ್ಕೆ ಕಂದಾಯ ಕೊಡುತ್ತಿದ್ದರು. ನಗರವು ಅವರಿಗೆ ನಲ್ಲಿಯ ನೀರನ್ನಾಗಲಿ, ಚರಂಡಿಯನ್ನಾಗಲಿ, ಒಳ್ಳೆಯ ರಸ್ತೆಯನ್ನಾಗಲಿ ಕೊಡಲಿಲ್ಲ. ಇತರರಿಗೆ ಬೇಡವಾದುದನ್ನೆಲ್ಲ ಅವರ ನೆರೆಗೆ ತಂದಿಟ್ಟಿತು: ಸೆರೆಮನೆ, ಅಂಟುರೋಗಗಳ ಆಸ್ಪತ್ರೆ, 1950ರ ದಶಕದಲ್ಲಿ ಊರಿನ ಕಸದ ರಾಶಿ. ಕೇರಿಯ ನಡುವೆಯೇ ರೈಲುಹಳಿ ಹಾದುಹೋಯಿತು. ಹೀಗೆ ಕೇರಿಯನ್ನು ಕೆಡಿಸಿದಮೇಲೆ, ಇದು ಕೊಳೆಗೇರಿ, ಇಲ್ಲಿ ಮನುಷ್ಯರು ವಾಸಿಸಬಾರದು, ಇವರ ಒಳಿತಿಗಾಗಿಯೇ ಇವರನ್ನು ಬೇರೆಡೆಗೆ ಸಾಗಿಸಬೇಕು ಎಂದು ಅದೇ ನಗರಸಭೆ ತೀರ್ಮಾನಿಸಿತು. 1964ರಿಂದ 1970ರವರೆಗೆ ಒಂದೊಂದಾಗಿ ಮನೆಗಳನ್ನು ಕೆಡವಿದರು. ಸುಮಾರು 400 ಮಂದಿ ನೆಲೆತಪ್ಪಿದರು. ಹಕ್ಕುಪತ್ರವನ್ನು ತೋರಿಸಲಾರದವರಿಗೆ 500 ಡಾಲರು ಕೈಗಿಟ್ಟರು. ಜನರ ಹಾಸಿಗೆ, ಪಾತ್ರೆ, ಕುರ್ಚಿಗಳನ್ನು ನಗರದ ಕಸದ ಲಾರಿಗಳಲ್ಲಿ ಹೇರಿ ಸಾಗಿಸಿದರು. 1967ರಲ್ಲಿ ಚರ್ಚನ್ನು ರಾತ್ರಿಯ ಹೊತ್ತಿನಲ್ಲಿ ಕೆಡವಿದರು.

ಹೈಡ್ರೋಸ್ಟೋನನ್ನು ಕಟ್ಟಿದುದೂ ‘ಸುಧಾರಣೆ’, ಆಫ್ರಿಕ್‌ವಿಲ್ಲನ್ನು ಕೆಡವಿದುದೂ ‘ಸುಧಾರಣೆ’. ಊರು ಒಂದೇ, ಕಾರಣವಾಗಿ ಹೇಳಿದ ಮಾತೂ ಒಂದೇ. ಒಂದೆಡೆ, ನೊಂದವರು ನಮ್ಮವರು ಎಂಬ ಭಾವನೆಯಿಂದ ನೀರು, ಬೆಳಕು, ಹಸಿರು ಎಲ್ಲವೂ ಅವರ ಮನೆಬಾಗಿಲಿಗೆ ಬಂದುವು. ಇನ್ನೊಂದೆಡೆ ಆ ಭಾವನೆಯಿರಲಿಲ್ಲ. ಆದುದರಿಂದ ನೀರು ಕೇಳಿದವರಿಗೆ ಬುಲ್‌ಡೋಜರು ಬಂದಿತು. ಬಾಳುವೆಯ ಗುಣದ ಲೆಕ್ಕದಲ್ಲಿ ಉದ್ಯಾನಗಳೆಷ್ಟು, ಆಸ್ಪತ್ರೆಗಳೆಷ್ಟು ಎಂದು ಎಣಿಸುವುದು ಸುಲಭ. ‘ನಾವು’ ಎಂಬ ಮಾತಿನೊಳಗೆ ಯಾರು ಯಾರು ಸೇರಿದ್ದಾರೆಂಬುದನ್ನು ಎಣಿಸುವುದು ಕಷ್ಟ. ಆದರೆ ಮೊದಲ ಲೆಕ್ಕ ನಿಲ್ಲುವುದು ಈ ಎರಡನೆಯ ಲೆಕ್ಕದ ಮೇಲೆಯೇ.

ಚದುರಿಹೋದ ಕೇರಿಯವರು ಸುಮ್ಮನಾಗಲಿಲ್ಲ. 1983ರಿಂದ ಪ್ರತಿ ಬೇಸಗೆಯಲ್ಲಿಯೂ ಅವರೂ ಅವರ ಮಕ್ಕಳೂ ಮೊಮ್ಮಕ್ಕಳೂ ಆ ಬರಿಯ ನೆಲದ ಮೇಲೆ ಗುಡಾರ ಹಾಕಿ ಕೂಡುತ್ತ ಬಂದರು. 2010ರ ಫೆಬ್ರವರಿ 24ರಂದು ನಗರದ ಮೇಯರ್ ಪೀಟರ್ ಕೆಲ್ಲಿಯವರು ನಗರದ ಪರವಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಕೆಡವಿದ ಚರ್ಚಿನ ಪ್ರತಿರೂಪವನ್ನು ಕಟ್ಟಲು ಹಣವನ್ನೂ ಸ್ಥಳವನ್ನೂ ಕೊಟ್ಟರು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಕ್ಷಮೆಯಿಂದ ಮನೆ ಮರಳಿ ಬಂದಂತಾಗಲಿಲ್ಲವೆಂದು ಹೇಳುವವರು ಇಂದಿಗೂ ಇದ್ದಾರೆ; ಅವರ ಮಾತಿನಲ್ಲಿ ಹುರುಳಿದೆ. ಆದರೆ ತಪ್ಪನ್ನು ತಪ್ಪೆಂದು ದಾಖಲೆಯಲ್ಲಿ ಬರೆದುಕೊಂಡ ಊರು, ಬರೆದುಕೊಳ್ಳದ ಊರಿಗಿಂತ ಒಂದು ಹೆಜ್ಜೆ ಮುಂದಿದೆ.

ಇಂದಿನ ಹ್ಯಾಲಿಫ್ಯಾಕ್ಸಿನ ಪರೀಕ್ಷೆ ಬೇರೊಂದು ರೂಪದಲ್ಲಿ ಬಂದಿದೆ. ಇದು ಹಿಂದಿನಿಂದಲೂ ಹೊರಗಿನವರು ಬಂದಿಳಿಯುವ ಊರು. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ವಲಸೆಗಾರರು ಇಲ್ಲಿಯ 21ನೆಯ ಧಕ್ಕೆಯಲ್ಲಿ ಇಳಿದು ಕೆನಡಾ ದೇಶವನ್ನು ಹೊಕ್ಕರು. ಆಗ ಬಂದವರಲ್ಲಿ ಬಹುಮಂದಿ ರೈಲು ಹತ್ತಿ ಪಶ್ಚಿಮಕ್ಕೆ ಹೋಗಿಬಿಡುತ್ತಿದ್ದರು. ಈಗ ಬಂದವರು ಇಲ್ಲಿಯೇ ನಿಲ್ಲುತ್ತಿದ್ದಾರೆ. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಉದ್ಯೋಗಿಗಳೂ ಇದ್ದಾರೆ. 2016ರಿಂದ 2021ರೊಳಗೆ ಜನಸಂಖ್ಯೆ ನೂರಕ್ಕೆ ಒಂಬತ್ತರಷ್ಟು ಹೆಚ್ಚಿತು. ಮನೆಗಳು ಆ ವೇಗದಲ್ಲಿ ಏಳಲಿಲ್ಲ. ಬಾಡಿಗೆ ಏರಿತು. ಬಾಡಿಗೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಸಕೂಡದೆಂದು ಪ್ರಾಂತ ಸರ್ಕಾರವು 2020ರಲ್ಲಿ ವಿಧಿಸಿತು. 2024ರಿಂದ ಈ ಮಿತಿಯನ್ನು ಐದಕ್ಕೆ ಏರಿಸಿತು. 2023ರ ಚಳಿಗಾಲದಲ್ಲಿ ಮನೆಯಿಲ್ಲದವರ ಗುಡಾರಗಳು ನಗರಭವನದ ಎದುರಿನ ಮೈದಾನದಲ್ಲಿಯೇ ಎದ್ದುವು. ಬಾಳಲು ಚೆನ್ನಾಗಿದೆಯೆಂಬ ಹೆಸರೇ ಊರಿಗೆ ಜನರನ್ನು ಸೆಳೆಯಿತು. ಬಂದ ಜನರಿಂದ ಊರಿನ ಹಳೆಯ ಬಡವರು ಬಾಳಲು ಎಡೆಯಿಲ್ಲದಂತಾಯಿತು ಎಂದು ಕೆಲವರು ದೂರುತ್ತಾರೆ. ಬಂದವರನ್ನು ದೂರುವುದು ಸುಲಭ. ಮನೆ ಕಟ್ಟುವುದು ಕಷ್ಟ. 1918ರಲ್ಲಿ ಈ ಊರು ಕಷ್ಟದ ದಾರಿಯನ್ನೇ ಹಿಡಿದು, ಎರಡು ವರ್ಷಗಳಲ್ಲಿ ಮನೆಗಳನ್ನು ಕಟ್ಟಿಕೊಟ್ಟಿತ್ತೆಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನು ಭಾಷಣವನ್ನು ಮುಗಿಸುವ ಮುನ್ನ ಆರಂಭದಲ್ಲಿ ಹತ್ತಿದ ಫೆರಿಗೇ ಹಿಂತಿರುಗೋಣ. ಈಗ ಬಂದರನ್ನು ದಾಟುತ್ತಿರುವ ಹಡಗುಗಳಿಗೆ ಜನರ ಹೆಸರುಗಳನ್ನಿಟ್ಟಿದ್ದಾರೆ. ಒಂದರ ಹೆಸರು ವಿನ್ಸೆಂಟ್ ಕೋಲ್‌ಮನ್. ತಂತಿಯನ್ನು ಬಿಟ್ಟು ಓಡದವನು. ಇನ್ನೊಂದರ ಹೆಸರು ವಯೋಲಾ ಡೆಸ್ಮಂಡ್. ಈಕೆ ಹ್ಯಾಲಿಫ್ಯಾಕ್ಸಿನಲ್ಲಿ ಕೇಶಾಲಂಕಾರದ ಅಂಗಡಿಯನ್ನೂ ಶಾಲೆಯನ್ನೂ ನಡೆಸುತ್ತಿದ್ದ ಕರಿಯ ಜನಾಂಗದ ಮಹಿಳೆ. 1946ರಲ್ಲಿ ಪರಸ್ಥಳದ ಸಿನಿಮಾ ಮಂದಿರವೊಂದರಲ್ಲಿ ಬಿಳಿಯರ ಆಸನವನ್ನು ಬಿಟ್ಟೇಳದಿದ್ದುದಕ್ಕಾಗಿ ಆಕೆಯನ್ನು ಎಳೆದೊಯ್ದು ಒಂದು ರಾತ್ರಿ ಸೆರೆಯಲ್ಲಿಟ್ಟರು; ಒಂದು ಸೆಂಟಿನ ತೆರಿಗೆಯನ್ನು ವಂಚಿಸಿದಳೆಂಬ ನೆಪದಿಂದ ದಂಡ ವಿಧಿಸಿದರು. 2010ರಲ್ಲಿ, ಆಕೆ ತೀರಿಕೊಂಡು ಎಷ್ಟೋ ವರ್ಷಗಳಾದಮೇಲೆ, ಸರ್ಕಾರವು ಆ ಶಿಕ್ಷೆಯನ್ನು ತೊಡೆದುಹಾಕಿತು. 2018ರಲ್ಲಿ ಆಕೆಯ ಚಿತ್ರ ಕೆನಡಾದ ಹತ್ತು ಡಾಲರಿನ ನೋಟಿನ ಮೇಲೆ ಬಂದಿತು. ಮತ್ತೊಂದು ಹಡಗಿನ ಹೆಸರು ರೀಟಾ ಜೋ. ಮಿಕ್‌ಮಾ ಜನಾಂಗದ ಕವಯಿತ್ರಿ.

ಸ್ಥಾಪಕನ ಪ್ರತಿಮೆಯನ್ನು ಇಳಿಸಿದ ಊರು ಈ ಮೂವರ ಹೆಸರನ್ನು ನೀರಿನ ಮೇಲೆ ತೇಲಿಬಿಟ್ಟಿದೆ. ಹೆಸರಿಟ್ಟ ಮಾತ್ರಕ್ಕೆ ನ್ಯಾಯ ಸಂದಂತಾಗಲಿಲ್ಲವೆಂಬುದು ನಿಜ. ಆದರೂ ದಿನವೂ ಬೆಳಗ್ಗೆ ಸಾವಿರಾರು ಜನರು, ಬಿಳಿಯರು, ಕರಿಯರು, ಮೂಲನಿವಾಸಿಗಳು, ನಿನ್ನೆ ಮೊನ್ನೆ ಬಂದಿಳಿದವರು, ಒಂದೇ ದರದ ಚೀಟಿಯನ್ನು ಕೊಂಡು ಒಂದೇ ಹಡಗಿನಲ್ಲಿ ಆ ಬಂದರನ್ನು ದಾಟುತ್ತಾರೆ. ದಾಟಿದಮೇಲೆ ಅವರೆಲ್ಲರಿಗೂ ಆ ದಡದಲ್ಲಿ ಒಂದೊಂದು ಸೂರು ಉಂಟೇ ಎಂಬುದೊಂದೇ ಉಳಿದ ಪ್ರಶ್ನೆ. ಅದು ಹ್ಯಾಲಿಫ್ಯಾಕ್ಸಿಗೆ ಮಾತ್ರ ಹಾಕಿದ ಪ್ರಶ್ನೆಯಲ್ಲ. ಬೆಳೆಯುತ್ತಿರುವ ಊರಿನಲ್ಲಿ ಬಾಳುತ್ತಿರುವ ನಾವು ಪ್ರತಿಯೊಬ್ಬರೂ ಅದಕ್ಕೆ ಉತ್ತರ ಹೇಳಬೇಕಾದವರೇ.